ಮನೆಯ ದಾರಿ ಬಲ್ಲ ಕೋಶಗಳು



ಸಂಜೆ ಹಂಗಳದ ಬೀದಿಯಲ್ಲಿ ನಿಂತು ನೋಡಿ. ಮೇಯಲು ಹೋದ ದನಗಳು ತಮ್ಮ ತಮ್ಮ ಕೊಟ್ಟಿಗೆಗೆ ತಾವೇ ತಿರುಗುತ್ತವೆ. ನಮ್ಮ ಮೂಳೆಗಳೊಳಗೂ ಇಂಥದೇ ಮರಳುವಿಕೆ ಇದೆ.

ಮೂಳೆಯ ಮಜ್ಜೆಯಲ್ಲಿ ಸ್ಟೆಮ್ ಸೆಲ್ ಎಂದು ಕರೆಯುವ ಆಕರ ಕೋಶಗಳಿವೆ. ಕೆಂಪುಕಣ, ಬಿಳಿಕಣ, ಪ್ಲೇಟ್ಲೆಟ್ ಎಲ್ಲಕ್ಕೂ ಇವೇ ತಾಯಿಬೇರು. ಇವನ್ನು ಅಲ್ಲಿ ಹಿಡಿದಿಡುವುದು ಯಾವುದು? ನೆರೆಯ ಕೋಶಗಳು ಸಿಎಕ್ಸ್‌ಸಿಎಲ್ 12 ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಅದನ್ನು ಗುರುತಿಸುವ ಗ್ರಾಹಕ ಆಕರ ಕೋಶದ ಮೈಮೇಲಿದೆ. ರಾಸಾಯನಿಕ ಹೆಚ್ಚಿರುವ ಕಡೆಗೆ ಕೋಶ ಸಾಗಿ, ಅಲ್ಲೇ ನೆಲೆಸುತ್ತದೆ. 1996ರಲ್ಲಿ ಜಪಾನಿನ ತಕಾಶಿ ನಾಗಸಾವಾ ಮತ್ತು ಸಂಗಡಿಗರು ಈ ರಾಸಾಯನಿಕವಿಲ್ಲದ ಇಲಿಭ್ರೂಣಗಳನ್ನು ಪರೀಕ್ಷಿಸಿದರು. ಬಿಳಿಕಣಗಳಾಗಬೇಕಾದ ಕೆಲವು ಕೋಶಗಳು ಅವುಗಳ ಯಕೃತ್ತಿನಲ್ಲಿದ್ದವು, ಮಜ್ಜೆಯಲ್ಲಿ ಮಾತ್ರ ತೀರಾ ವಿರಳವಾಗಿದ್ದವು.

ಇದು ನಮಗೇಕೆ? ನಮ್ಮ ಜಿಲ್ಲೆಯ ಸೋಲಿಗರಲ್ಲಿ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗವಿದೆ. ಥಲಸೀಮಿಯಾ, ರಕ್ತ ಕ್ಯಾನ್ಸರ್ ಯಾವ ಮನೆಗೂ ಬರಬಹುದು. ಇಂಥ ಕೆಲವು ರೋಗಿಗಳಿಗೆ ಇನ್ನೊಬ್ಬರ ಆಕರ ಕೋಶಗಳೇ ಗುಣದ ದಾರಿ.

ಆದರೆ ಮಜ್ಜೆ ಎಂದೊಡನೆ ಹಲವರು ಬೆನ್ನುಹುರಿ ಎಂದುಕೊಂಡು ಅಂಜುತ್ತಾರೆ. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ದಾನಿಗೆ ನಾಲ್ಕೈದು ದಿನ ಚುಚ್ಚುಮದ್ದು ಕೊಡುತ್ತಾರೆ. ಅದು ಮಜ್ಜೆಯ ಕರೆಯನ್ನು ತಗ್ಗಿಸುತ್ತದೆ; ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಈ ದಿನಗಳಲ್ಲಿ ಮೈಕೈ ನೋವು ಬರಬಹುದು, ಬೇಗ ಮಾಯುತ್ತದೆ. ಬಳಿಕ ಯಂತ್ರವು ತೋಳಿನ ರಕ್ತದಿಂದ ಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ಹಿಂದಿರುಗಿಸುತ್ತದೆ. ಕೆಲವೊಮ್ಮೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದುಂಟು. ಎರಡರಲ್ಲೂ ದಾನಿಯ ದೇಹ ಕೆಲವೇ ವಾರಗಳಲ್ಲಿ ಆ ಕೊರತೆ ತುಂಬಿಕೊಳ್ಳುತ್ತದೆ.

ರೋಗಿಯ ಹಳೆಯ ಮಜ್ಜೆಯನ್ನು ಔಷಧಿಯಿಂದ ಬರಿದು ಮಾಡಿ, ದಾನದ ಕೋಶಗಳನ್ನು ರಕ್ತದಂತೆ ನರಕ್ಕೆ ಹನಿಸುತ್ತಾರೆ. ಮೂಳೆಗೆ ಚುಚ್ಚುವುದೇ ಇಲ್ಲ! ಅದೇ ಕರೆ ಹಿಡಿದು ಅವು ಮಜ್ಜೆ ಸೇರುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ರಕ್ತ ಹುಟ್ಟತೊಡಗುತ್ತದೆ.

ಇದು ಧರ್ಮಸಭೆಗೆ ಒಪ್ಪಿಗೆಯೇ ಎಂದು ಕೇಳುವವರಿದ್ದಾರೆ. ಭ್ರೂಣವನ್ನು ನಾಶಮಾಡಿ ಕೋಶ ತೆಗೆಯುವುದು ಒಪ್ಪಿಗೆಯಲ್ಲ. ದಾನಿಗೆ ಗಂಭೀರ ಹಾನಿಯಾಗದಂತೆ ವಯಸ್ಕರಿಂದ ಪಡೆಯುವುದು ನ್ಯಾಯಸಮ್ಮತವೆಂದು 2008ರ 'ದಿಗ್ನಿತಾಸ್ ಪೆರ್ಸೋನೆ' ಬೋಧನೆ ಸ್ಪಷ್ಟಪಡಿಸಿದೆ.

ಒಡಹುಟ್ಟಿದವರಲ್ಲಿಯೂ ಪೂರ್ಣ ಹೊಂದಾಣಿಕೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಉಳಿದವರಲ್ಲಿ ಹಲವರು ಅಪರಿಚಿತರನ್ನು ಕಾಯಬೇಕಾಗುತ್ತದೆ. ಹೆಸರು ನೋಂದಾಯಿಸಲು ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಸವರಿದರೆ ಸಾಕು. ಇಂದು ರಾತ್ರಿ ಊಟದ ವೇಳೆ ಮನೆಯವರೆಲ್ಲ ಈ ಮಾತು ಆಡಿ: ನಮ್ಮನ್ನು ಕಾಯುತ್ತಿರುವವರು ಇದ್ದರೆ, ನಾವು ಸಿದ್ಧರಿದ್ದೇವೆಯೇ?