ಚಿರಂಜೀವಿಗೆ ಸಾವು ಬರೆದ ಬಿಎಂಶ್ರೀ

ತೆಕ್ಕಟ್ಟೆ ಬದಿಯಲ್ಲಿ ಆಟ ನೋಡಿ ಬೆಳೆದವರಿಗೆ ಪದ್ಯದಲ್ಲಿ ನಾಟಕ ಅಂದ್ರೆ ಹೊಸತಲ್ಲ. ಆದರೆ ಯಕ್ಷಗಾನದ ಪ್ರಸಂಗಕರ್ತ ಬರೆದಿಡುವುದು ಪದ್ಯ ಮಾತ್ರ. ಭಾಗವತರು ಹಾಡಿದ ಮೇಲೆ ವೇಷಧಾರಿ ಅಲ್ಲೇ ಮಾತು ಕಟ್ಟುತ್ತಾನೆ. ಸೊಫೋಕ್ಲಿಸ್, ಷೇಕ್ಸ್‌ಪಿಯರ್ ಇವರದ್ದು ಬೇರೆ ದಾರಿ. ಅಲ್ಲಿ ಪಾತ್ರದ ಮಾತೇ ಪದ್ಯ. ಆ ದಾರಿಯನ್ನು ಕನ್ನಡಕ್ಕೆ ತರಲು ಹೊರಟವರಲ್ಲಿ ದೊಡ್ಡ ಹೆಸರು ಬಿ.ಎಂ. ಶ್ರೀಕಂಠಯ್ಯ.

ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ‘ಇಂಗ್ಲಿಷ್ ಗೀತಗಳು’ ಹೆಸರನ್ನು ಪಿಯುಸಿವರೆಗೆ ಕನ್ನಡ ಓದಿದವರು ಕೇಳಿಯೇ ಇರುತ್ತೀರಿ. ನಾಟಕಗಳು ಮೂರೇ: ‘ಗದಾಯುದ್ಧ ನಾಟಕಂ’ (1926), ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935). 1946ರಲ್ಲಿ ತೀರಿಕೊಂಡರು.

ಮೊದಲನೆಯದು ರನ್ನನ ಕಾವ್ಯವನ್ನು ರಂಗಕ್ಕೆ ಒಗ್ಗಿಸಿದ್ದು. ಕೊನೆಯದರ ಮೂಲ ಈಸ್ಕಿಲಸ್. ನನಗೆ ಮುಖ್ಯ ಅನ್ನಿಸುವುದು ನಡುವಿನದು.

ಸೊಫೋಕ್ಲಿಸನ ‘ಅಯಾಸ್’ ನಾಟಕದ ಕಥೆ ಹೀಗಿದೆ. ಸತ್ತ ವೀರ ಅಖಿಲೀಸನ ಆಯುಧಗಳು ತನಗೆ ಸಿಗಲಿಲ್ಲ ಎಂಬ ಸಿಟ್ಟಿಗೆ ಅಯಾಸ್ ರಾತ್ರಿ ತನ್ನದೇ ಪಾಳೆಯದ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ದೇವತೆ ಅವನಿಗೆ ಭ್ರಮೆ ಹಿಡಿಸುತ್ತಾಳೆ; ಅವನು ಕಡಿದು ಹಾಕುವುದು ದನಕುರಿಗಳನ್ನು. ಬೆಳಗಾದ ಮೇಲೆ ನಾಚಿಕೆ ತಡೆಯಲಾರದೆ ತನ್ನ ಕತ್ತಿಯ ಮೇಲೇ ಬಿದ್ದು ಸಾಯುತ್ತಾನೆ.

ರಾತ್ರಿ, ಮಲಗಿದ ಪಾಳೆಯ, ಸೇಡು. ಗದಾಪರ್ವ ನೋಡಿದವರಿಗೆ ತಕ್ಷಣ ಯಾರ ನೆನಪಾಗಬೇಕು? ಕೌರವ ತೊಡೆ ಮುರಿದು ಬಿದ್ದ ಮೇಲೆ ಪಾಂಡವರ ಶಿಬಿರಕ್ಕೆ ನುಗ್ಗಿ ಉಪಪಾಂಡವರನ್ನು ಕೊಂದ ಅಶ್ವತ್ಥಾಮ! ಈ ಹೋಲಿಕೆ ಕಂಡದ್ದೇ ಬಿಎಂಶ್ರೀ ಅವರ ಜಾಣ್ಮೆ. ಗ್ರೀಕ್ ನಾಟಕದಲ್ಲಿ ಅಯಾಸನ ತಮ್ಮ ಟ್ಯೂಸರ್ ಬಿಲ್ಲುಗಾರ. ಆ ಜಾಗಕ್ಕೆ ಅವರು ತಂದದ್ದು ಏಕಲವ್ಯನನ್ನು. ಹೆಬ್ಬೆರಳು ಕೇಳಿದ ಗುರುವಿನ ಮಗನ ಪಕ್ಕದಲ್ಲಿ ಏಕಲವ್ಯ ನಿಂತಿದ್ದಾನೆ ಅಂದ್ರೆ ಸುಮ್ನೆ ಮಾತಾ!

ಆದರೆ ಒಂದು ತೊಡಕು. ನಮ್ಮ ಅಶ್ವತ್ಥಾಮ ಚಿರಂಜೀವಿ. ಮಹಾಭಾರತದಲ್ಲಿ ಅವನಿಗೆ ಸಿಕ್ಕಿದ್ದು ಸಾವಲ್ಲ, ಶಾಪ: ತಲೆಯ ಮಣಿ ಕಳೆದುಕೊಂಡು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯಬೇಕು. ಬಿಎಂಶ್ರೀ ಅವನನ್ನು ತನ್ನ ಕೈಯಾರೆ ಸಾಯಿಸಿದರು. ಓದುಗರಲ್ಲಿ ಹಲವರು ಒಪ್ಪಲಿಲ್ಲ. ಚಿರಂಜೀವಿ ಸಾಯುವುದುಂಟೇ ಎಂಬ ತಕರಾರು ಈಗಲೂ ವಿಮರ್ಶೆಯಲ್ಲಿ ಬರುತ್ತದೆ.

ಇದು ಬರೀ ಕಥೆ ತಿದ್ದಿದ ಪ್ರಶ್ನೆ ಅಂತ ನನಗನ್ನಿಸುವುದಿಲ್ಲ. ವ್ಯಾಸರ ಕಥೆಯಲ್ಲಿ ಸಾಯಲಾರದೆ ಇರುವುದೇ ಶಿಕ್ಷೆ. ಗ್ರೀಕರ ವೀರನಿಗೆ ಸಾವು ಕಳೆದ ಮಾನವನ್ನು ವಾಪಸ್ ಪಡೆಯುವ ದಾರಿ. ಬಿಎಂಶ್ರೀ ಎರಡನೆಯದನ್ನು ಆರಿಸಿದರು. ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಮಾನದ ಸಾವು ಸಿಕ್ಕಿತು. ಅಷ್ಟು ಸುಲಭದಲ್ಲಿ ಅವನನ್ನು ಬಿಡಬಹುದಿತ್ತಾ? ನಾನಾದರೆ ವ್ಯಾಸರ ಕಡೆ. ಆದರೂ ಸೇಡು ತೀರಿಸಿಕೊಂಡವನ ಒಳಗಿನ ಬೇಗೆಯನ್ನು ಇಷ್ಟು ಹತ್ತಿರದಿಂದ ಕಾಣಬೇಕಾದರೆ ಈ ನಾಟಕಕ್ಕೇ ಬರಬೇಕು.

ಹಳಗನ್ನಡ ಅಂತ ಹೆದರಬೇಡಿ. ಕಣ್ಣಲ್ಲಿ ಓದಿದರೆ ಕಷ್ಟವೇ, ಮಾರ್ರೆ. ಇಬ್ಬರು ಮೂವರು ಕೂತು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ, ನಿಘಂಟನ್ನು ಆಮೇಲೆ ತೆಗೆಯಿರಿ.