ಮೊದಲು ಸೂರು, ಆಮೇಲೆ ಹೂವು

ವಿರೂಪಾಕ್ಷಿಪುರದ ಮನೆಯ ಬೀಗ ತೆಗೆದಿರುವ ನನ್ನ ತಮ್ಮನ ಮಗಳಿಗೆ, ಮಾಗಡಿಯಿಂದ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ಫೋನಿಗೆ ಕಳಿಸಿದ ಪಟ್ಟಿ ನೋಡಿದೆ. ಅಂಗಳಕ್ಕೆ ಸಿಮೆಂಟ್ ಬ್ಲಾಕು, ಅದರ ಪಕ್ಕಕ್ಕೆ ಹುಲ್ಲುಹಾಸು, ಮುಂದಿನ ಗೋಡೆಗೆ ಸಿಮೆಂಟ್ ಗಾರೆ ಮತ್ತು ಪೇಂಟು, ಹಿತ್ತಲಲ್ಲಿ ಹೂವಿನ ಮಡಿ. ಏಪ್ರಿಲ್ ಒಳಗೆ ಎಲ್ಲ ಮುಗಿಯಬೇಕು ಅಂತ ಬರೆದಿದ್ದೀಯ. ಕೊನೆಯಲ್ಲಿ ಒಂದು ಸಾಲು: 'ಹೆಂಚು, ಮುಂದಿನ ವರ್ಷ ನೋಡೋಣ.' ನನ್ನ ನಿದ್ದೆ ಕೆಡಿಸಿದ್ದು ಆ ಸಾಲು. ಫೋನಿನಲ್ಲಿ ಹೇಳೋಣ ಅಂದರೆ ನನ್ನ ಮಾತು ಅರ್ಧ ಆಗುವಷ್ಟರಲ್ಲಿ 'ಸರಿ ಅತ್ತೆ, ಆಯ್ತು ಅತ್ತೆ' ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ಪತ್ರಿಕೆಗೆ. ಹೀಗೆ ವಾಪಸು ಬಂದು ಅಜ್ಜನ ಮನೆ ಬಾಗಿಲು ತೆರೆಯುವ ಮಕ್ಕಳು ಬೇರೆ ಊರುಗಳಲ್ಲೂ ಇದ್ದಾರೆ. ಹೇಳುವ ಹಿರಿಯರು ಮನೆಯಲ್ಲಿ ಇಲ್ಲದಿದ್ದರೆ ಅವರೂ ಓದಿಕೊಳ್ಳಲಿ.

ಮೊದಲೇ ಹೇಳಿಬಿಡುತ್ತೇನೆ. ಮನೆ ನಿನ್ನದು, ದುಡ್ಡು ನಿನ್ನದು, ತೀರ್ಮಾನವೂ ನಿನ್ನದೇ. ಭಾಗದ ಪತ್ರಕ್ಕೆ ರುಜು ಹಾಕಿದ ದಿನ ನಾನು ಜಾಗ ಬಿಟ್ಟುಕೊಟ್ಟೆ. ಬಾಯಿ ಬಿಟ್ಟುಕೊಟ್ಟಿಲ್ಲ.

ನೀನು ಮಿನ್ನೆಸೋಟಾದಲ್ಲಿದ್ದಾಗ ಕಳಿಸುತ್ತಿದ್ದ ಫೋಟೊ ನನಗೆ ನೆನಪಿದೆ. ಮಾರ್ಚಿನಲ್ಲೂ ಅಂಗಳದ ತುಂಬ ಹಿಮ. ಅಡುಗೆಮನೆ ಕಿಟಕಿಯ ಹತ್ತಿರ ಪುಟ್ಟ ಲೋಟಗಳಲ್ಲಿ ಟೊಮೆಟೊ ಸಸಿ ಎಬ್ಬಿಸಿ, ಮೇ ತಿಂಗಳಲ್ಲಿ ಹಿಮದ ಭಯ ಕಳೆದ ಮೇಲೆ ಹೊರಗೆ ನೆಡುತ್ತಿದ್ದೆ. ಆ ನೆಲಕ್ಕೆ ಅದೇ ಸರಿ. ಹಿಮ ಕರಗಿ ಮಣ್ಣು ಹಸಿಯಾಗಿರುತ್ತದೆ, ಬಿಸಿಲು ಹದವಾಗಿ ಏರುತ್ತಿರುತ್ತದೆ, ನೋಡನೋಡುತ್ತ ಮತ್ತೆ ಚಳಿ ಬಂದು ಕೂರುತ್ತದೆ. ಅವರಿಗೆ ವಸಂತ ಅಂದರೆ ನೆಡುವ ಅವಸರ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟರೆ ನೆಲದ ಹಸಿಯೂ ಅದರ ಹಿಂದೆಯೇ ಹೊರಡುತ್ತದೆ. ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಕೋಲಾರಕ್ಕಿಂತ ಮುಂಚೆ ನಮ್ಮ ಸೀಮೆಯ ಮಾವು ಮಾರುಕಟ್ಟೆಗೆ ಹೋಗುತ್ತದೆ. ಅವೆಲ್ಲ ಆಳಕ್ಕೆ ಬೇರು ಬಿಟ್ಟ ಮರಗಳು. ನಿನ್ನೆ ನರ್ಸರಿಯಿಂದ ತಂದ ಗಿಡಕ್ಕೆ ಯುಗಾದಿಯ ಬಿಸಿಲು ತಡೆಯುವ ತ್ರಾಣ ಎಲ್ಲಿಂದ ಬರಬೇಕು?

2007ರಲ್ಲಿ ನಮ್ಮದು ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಮಳೆಗೆ ಈ ಸುದ್ದಿ ಮುಟ್ಟಿಲ್ಲ. ಏಪ್ರಿಲ್ ನಡುವಿಗೆ ಅಶ್ವಿನಿ, ಕೊನೆಗೆ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ, ಅದರ ಕೊನೆಗೆ ರೋಹಿಣಿ. ಗಾಳಿ, ಗುಡುಗು, ಆಗೀಗ ಆಲಿಕಲ್ಲನ್ನೂ ಹೊತ್ತು ಬರುವ ಮಳೆಗಳಿವು. ನಮ್ಮ ವಸಂತದ ಕೆಲಸ ಏನಿದ್ದರೂ ಆ ಮಳೆಗೆ ಮನೆಯನ್ನೂ ನೆಲವನ್ನೂ ಅಣಿ ಮಾಡಿಕೊಳ್ಳುವುದು. ನೆಡುವುದು ಆಮೇಲಿನ ಮಾತು.

ನಿನ್ನ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಣದ ಕೆಲಸ ಮುಗಿದು ರಾಗಿ ಹುಲ್ಲು ಮೆದೆ ಆದ ಮೇಲೆ, ಯುಗಾದಿ ಇನ್ನೂ ದೂರ ಇರುವಾಗಲೇ ಮನೆಯ ಪಾತ್ರೆಪಗಡಿ, ಚಾಪೆ, ಮೊರ, ಒನಕೆ ಎಲ್ಲ ಅಂಗಳಕ್ಕೆ ಬರುತ್ತಿದ್ದವು. ಹೆಂಚು ಕೈಯಾಡಿಸುವವರು ಬರುವ ದಿನ ನಮಗೆ ಸ್ಕೂಲಿಲ್ಲ. ಆಗ ಪಡಸಾಲೆಗೆ ಮಾತ್ರ ಮಂಗಳೂರು ಹೆಂಚು, ಹಿಂದಕ್ಕೆಲ್ಲ ನಾಡ ಹೆಂಚು. ಆಳುಗಳು ಸೂರಿನ ಮೇಲೆ, ನಾವು ಮಕ್ಕಳು ಕೆಳಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಬೇಕು. ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆವು. ಠಣ್ ಅಂದರೆ ವಾಪಸು ಮೇಲಕ್ಕೆ, ಡಬ್ ಅಂದರೆ ಬಿರುಕು ಬಿಟ್ಟಿದೆ, ಪಕ್ಕಕ್ಕೆ. ಅಡಿಯಿಂದ ಗುಬ್ಬಿ ಗೂಡಿನ ಹುಲ್ಲು, ಒಲೆಯ ಹೊಗೆ ಕಟ್ಟಿದ ಇಲ್ಲಣ, ಒಮ್ಮೊಮ್ಮೆ ಬಾಲ ಎತ್ತಿದ ಚೇಳು. ಗೆದ್ದಲು ಹತ್ತಿದ ಜಂತೆಯನ್ನು ಬಾಚಿಯಲ್ಲಿ ಕೆತ್ತಿ ನೋಡಿ, ಒಳಗೆ ಗಟ್ಟಿ ಇದ್ದರೆ ಉಳಿಸುತ್ತಿದ್ದರು, ಟೊಳ್ಳಾಗಿದ್ದರೆ ಇಳಿಸುತ್ತಿದ್ದರು. ಸಂಜೆ ನಮ್ಮ ಮೂಗು ಬಾಯೆಲ್ಲ ಕಪ್ಪು. ಅವ್ವ ಬಿಸಿನೀರು ಕಾಯಿಸಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು, ಚರ್ಮ ಕಿತ್ತು ಬರುವ ಹಾಗೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಈ ಕೆಲಸ ಬಿಟ್ಟರು. ಆಗ ನಮ್ಮ ಹೊಲದಲ್ಲಿ ಎಂ-5 ಹಿಪ್ಪುನೇರಳೆ ಇತ್ತು. ನಮ್ಮ ಚನ್ನಪಟ್ಟಣ ತಾಲ್ಲೂಕಿನ ಕಣ್ವದ ತೋಟದಲ್ಲೇ ಆರಿಸಿದ ತಳಿ. ಕಣ್ವ-2 ಅನ್ನುವುದೂ ಅದನ್ನೇ. ನಾಟಿ ಕಡ್ಡಿಗಿಂತ ಸೊಪ್ಪು ಹೆಚ್ಚು, ಹಾಗಾಗಿ ರೇಷ್ಮೆ ಹುಳುವೂ ಹೆಚ್ಚು ಮೇಯಿಸುತ್ತಿದ್ದೆವು. ಗೂಡು ಮಾರಿದ ದುಡ್ಡು ಕೈಗೆ ಬಂದಿತ್ತು. ನಿನ್ನ ದೊಡ್ಡತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮುಂಭಾಗ ಲಕ್ಷಣವಾಗಿ ಕಾಣಲಿ ಅಂತ ಅಪ್ಪ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಹೊಡೆಸಿದರು, ಜಗಲಿಗೆ ಕೆಂಪು ಆಕ್ಸೈಡ್ ಹಾಕಿಸಿದರು. ಹೆಂಚು ಮುಂದಿನ ವರ್ಷ ನೋಡೋಣ ಅಂದರು. ನಿನ್ನ ಪಟ್ಟಿಯಲ್ಲಿರುವ ಮಾತೇ.

ಭರಣಿ ಮಳೆಯ ರಾತ್ರಿ ಅದು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ನಡುಮನೆ ತುಂಬ ತಟ್ಟೆಗಳು, ಸೊಪ್ಪು ಕಡಿಯುವ ಸದ್ದು ಸಣ್ಣಗೆ ಮಳೆ ಹಿಡಿದ ಹಾಗೆ. ನಿಜವಾದ ಮಳೆ ಶುರುವಾದಾಗ ಅವ್ವನಿಗೆ ತಕ್ಷಣ ಗೊತ್ತೇ ಆಗಲಿಲ್ಲ. ಮೊದಲು ಗಾಳಿ, ಹಿಂದೆಯೇ ಆಲಿಕಲ್ಲು. ಬಿರುಕು ಬಿಟ್ಟಿದ್ದ ಹೆಂಚುಗಳು ಪಟಪಟ ಒಡೆದು ತಟ್ಟೆಗಳ ಮೇಲೇ ಬಿದ್ದವು. ಬುಡ್ಡಿ ಆರಿಹೋಯಿತು. ಕತ್ತಲಲ್ಲಿ ತಟ್ಟೆ ಹೊತ್ತುಕೊಂಡು ಸೋರದ ಮೂಲೆ ಹುಡುಕಿದರೆ ಸೋರದ ಮೂಲೆಯೇ ಇಲ್ಲ. ನಿನ್ನಪ್ಪ ಆಗ ಚಿಕ್ಕವನು. ಒಂದು ತಟ್ಟೆಯ ಮೇಲೆ ಕಂಬಳಿ ಹೊದಿಸಿ ಅದನ್ನು ತಬ್ಬಿಕೊಂಡು ಕೂತಿದ್ದ. ಹುಳುವಿಗೆ ಒದ್ದೆ ಸೊಪ್ಪು, ಒದ್ದೆ ಮನೆ ಎರಡೂ ಆಗುವುದಿಲ್ಲ. ಸಪ್ಪೆ ರೋಗ ಹಿಡಿಯಿತು. ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಏರಬೇಕಿದ್ದ ಹುಳುವನ್ನು ಅವ್ವ ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಳು. ಗಂಡಿನ ಕಡೆಯವರು ಹೇಳಿದ ದಿನಕ್ಕೇ ಬಂದರು. ಹೊಸ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಜಗಲಿ ಬಲು ಚೆನ್ನಾಗಿದೆ ಅಂದು ಎದ್ದು ಹೋದರು. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಬಿತ್ತು.

ಆ ಸಿಮೆಂಟ್ ಗಾರೆಯಾದರೂ ಉಳಿಯಿತೇ? ಕೆಲವೇ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಹಲಗೆ ಹಲಗೆಯಾಗಿ ಬಿತ್ತು. ಮಣ್ಣಿನ ಗೋಡೆ ಬುಡದಿಂದ ತೇವ ಎಳೆಯುತ್ತದೆ, ಬಿಸಿಲು ಗಾಳಿಗೆ ಅದನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ದಾರಿ ಕಟ್ಟಿತು. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಗಾರೆಗೆ ಹಿಡಿತ ತಪ್ಪುತ್ತದೆ. ಸುಣ್ಣ ಹಾಗಲ್ಲ, ತೇವವನ್ನು ಹೋಗಗೊಡುತ್ತದೆ. ಬೇಯಿಸಿದ ಸುಣ್ಣದ ಕಲ್ಲನ್ನು ಹಳೆಯ ಡ್ರಮ್ಮಿಗೆ ಹಾಕಿ ನೀರು ಹೊಯ್ಯಿಸು. ಕೊತಕೊತ ಕುದಿಯುತ್ತದೆ, ದೂರ ನಿಂತುಕೋ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕೆಲವು ದಿನ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ ತೆಳ್ಳಗೆ ಎರಡು ಮೂರು ಕೈ ಬಳಿಸು. ಮೊದಲ ಕೈಗೆ ಬಿಳಿ ಕಾಣುವುದಿಲ್ಲ ಅಂತ ಗಾಬರಿಯಾಗಬೇಡ, ಒಣಗಿದ ಮೇಲೆ ಬಿಳುಪು ಏರುತ್ತದೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಸಿದರೆ ನಿನ್ನ ಯಾವ ಪೇಂಟೂ ಅದರ ಮುಂದೆ ನಿಲ್ಲುವುದಿಲ್ಲ.

ಇನ್ನು ಅಂಗಳ. ಇಲ್ಲಿ ನನಗೆ ಸಿಟ್ಟೇ ಬಂತು. ನಮ್ಮ ಕಡೆ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ಹತ್ತು ಚದರದ ಸೂರು ಅಂದುಕೊಂಡರೂ ಅದರ ಮೇಲೆ ಬೀಳುವ ನೀರು 74,000 ಲೀಟರ್. ಅಂಗಳಕ್ಕೆಲ್ಲ ಬ್ಲಾಕು ಬಡಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು? ಗೋಡೆ ಬುಡಕ್ಕೆ, ಇಲ್ಲವೇ ಬೀದಿಗೆ. ಅತ್ತ ಬೀದಿಗೆ ನೀರು ಬಿಟ್ಟು, ಇತ್ತ ಟ್ಯಾಂಕರ್ ತರಿಸಿ ಹುಲ್ಲುಹಾಸಿಗೆ ಹೊಯ್ಯುತ್ತೀಯ. ದನ ಮೇಯದ ಹುಲ್ಲು ಬೆಳೆದು, ಮೆಷಿನ್ನಿನಲ್ಲಿ ಕತ್ತರಿಸಿ ಬಿಸಾಡುವ ಕೆಲಸಕ್ಕೆ ನಮ್ಮೂರಲ್ಲಿ ಹೆಸರೇ ಇಲ್ಲ ಕಣೇ! ಇಂಜಿನಿಯರಿಂಗ್ ಓದಿದವಳಿಗೆ ಈ ಗುಣಾಕಾರ ಅತ್ತೆ ಹೇಳಿಕೊಡಬೇಕೇ? ಸೂರಿನ ಅಂಚಿಗೆ ದೋಣಿ ಪೈಪು ಹಾಕಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಉಳಿದದ್ದನ್ನು ಸಂಪಿಗೆ ತುಂಬಿಸು. ಬ್ಲಾಕು ಬೇಕೇ ಬೇಕು ಅಂದರೆ ಗೇಟಿನಿಂದ ಜಗಲಿವರೆಗೆ ಕಾಲುದಾರಿಗೆ ಹಾಕಿಸಿಕೋ. ಉಳಿದ ಮಣ್ಣು ಮಣ್ಣಾಗಿರಲಿ.

ಮಾತು ಜೋರಾಯಿತು, ಬೇಜಾರು ಮಾಡಿಕೊಳ್ಳಬೇಡ. ಆ ಮನೆಗೆ ಹೂವು ಬೇಕು ಅಂತ ಇಷ್ಟು ವರ್ಷಗಳಲ್ಲಿ ಅನ್ನಿಸಿದ್ದು ನಿನಗೊಬ್ಬಳಿಗೇ. ಅದು ಸಣ್ಣ ವಿಷಯವಲ್ಲ. ಈಗ ಗಿಡ ತರಬೇಡ ಅಂದೆನೇ ಹೊರತು ಕೈಕಟ್ಟಿ ಕೂರು ಅನ್ನಲಿಲ್ಲ. ಈಗ ಗುಂಡಿ ತೆಗೆಸು. ತೆಂಗಿಗೆ ಮೂರಡಿ ಉದ್ದ, ಅಗಲ, ಆಳ. ಗಿಡದಿಂದ ಗಿಡಕ್ಕೆ 25 ಅಡಿ. ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಇನ್ನೊಂದು ಕಡೆ ಗುಡ್ಡೆ ಹಾಕಿಸು. ಗುಂಡಿ ಚೆನ್ನಾಗಿ ಬಿಸಿಲು ಕಾಯಲಿ, ಹುಳದ ಮೊಟ್ಟೆ, ಕಳೆಬೇರು ಸಾಯುತ್ತವೆ. ರೋಹಿಣಿ ಹೊತ್ತಿಗೆ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸು. ಒಂದೆರಡು ಹದ ಮಳೆಗೆ ಮಣ್ಣು ಕೂತ ಮೇಲೆ ಸಸಿ ಇಡು. ತಡೆಯಲಾರೆ, ಈಗಲೇ ಏನಾದರೂ ಹಸಿರು ಕಾಣಬೇಕು ಅಂದರೆ ಒಂದು ನುಗ್ಗೆ ಗೂಟ ಊರು, ಬಚ್ಚಲ ನೀರು ಹರಿಯುವ ಕಡೆ ದಂಟು ಚೆಲ್ಲು. ಹೀರೆ, ಪಡವಲ, ಸೋರೆ ರೋಹಿಣಿಗೆ ಇರಲಿ.

ಎರಡು ಎಚ್ಚರ. ಪಕ್ಕದ ಮನೆಯವರು ಈಗಲೂ ಹುಳು ಮೇಯಿಸುತ್ತಾರೆ. ನಿನ್ನ ಗಿಡಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಅವರ ಸೊಪ್ಪಿನ ಮೇಲೆ ಕೂತರೆ ಅವರ ಬೆಳೆ ಹೋಯಿತು, ನಿನ್ನ ನೆರೆಹೊರೆಯೂ ಹೋಯಿತು. ಔಷಧಿ ಡಬ್ಬಿ ಮನೆಯೊಳಗೇ ತರಬೇಡ. ಎರಡನೆಯದು, ತೆಂಗಿನಕಲ್ಲು, ಕಬ್ಬಾಳು ಕಾಡಿನ ಕಡೆಯಿಂದ ಆನೆ ಬರುವ ಸೀಮೆ ನಮ್ಮದು. ಹಲಸು, ಬಾಳೆ ನೆಡುವ ಮುಂಚೆ ಊರಿನವರನ್ನು ಒಂದು ಮಾತು ಕೇಳು. ಹಣ್ಣಿನ ವಾಸನೆ ನಿನಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ.

ನಿನ್ನ ಕಡೆಗೂ ನ್ಯಾಯ ಇದೆ, ಇಲ್ಲವೆನ್ನುವುದಿಲ್ಲ. ನಾಡ ಹೆಂಚನ್ನು ಕೋತಿಗಳು ಉಳಿಸುವುದಿಲ್ಲ. ಕೈಯಾಡಿಸುವವರೂ ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾದರೆ ಹಿಂದಕ್ಕೂ ಮಂಗಳೂರು ಹೆಂಚೇ ಹಾಕಿಸು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಅದು, ಒಂದಕ್ಕೊಂದು ಕಚ್ಚಿ ಕೂರುತ್ತದೆ, ಒಡೆದ ಒಂದನ್ನೇ ಬದಲಿಸಿದರೆ ಸಾಕು. ಹಳೆ ಮನೆ ಕೆಡವಿದ ಕಡೆ ವಿಚಾರಿಸು, ತಟ್ಟಿ ನೋಡಿ ಆರಿಸಿಕೊಂಡು ಬಾ. ಮನೆ ನಡುವಿನ ತೆರೆದ ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ ಹಾಕಿಸುತ್ತೇನೆ ಅಂದೆಯಲ್ಲ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಜ್ಜಿ ಇದ್ದಿದ್ದರೆ ಅವಳೂ ಒಪ್ಪುತ್ತಿದ್ದಳು, ಒಂದು ದಿನ ಬೈದ ಮೇಲೆ.

ದುಡ್ಡು ಎಲ್ಲದಕ್ಕೂ ಸಾಲದು ಅಂತ ನನಗೂ ಗೊತ್ತು. ಅದಕ್ಕೇ ಯಾವುದು ಮೊದಲು ಅನ್ನುವ ಪ್ರಶ್ನೆ ಬಂದದ್ದು. ಬ್ಲಾಕಿನವನಿಗೆ ಕೊಟ್ಟಿರುವ ಮುಂಗಡ ವಾಪಸು ಬರದಿದ್ದರೆ ಹೋಗಲಿ ಬಿಡು. ಜಂತೆ, ರೀಪರ್ ಬದಲಿಸುವ ಬಡಗಿಯ ಕೂಲಿ ನನ್ನ ಪೆನ್ಷನ್ನಿನಲ್ಲಿ ಕೊಡುತ್ತೇನೆ. ಸಾಲ ಅಂತ ಬರೆದಿಟ್ಟುಕೋ, ನಿನಗೆ ಸಂಕೋಚ ಬೇಡ. ತೀರಿಸುವ ಬಗೆಯನ್ನೂ ಹೇಳುತ್ತೇನೆ. ನಿನ್ನಪ್ಪ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನಿಂದ ನನಗೆ ಬಾಗಿನ ಬಂದಿಲ್ಲ. ರೋಹಿಣಿಯಲ್ಲಿ ಹೀರೆ ಬೀಜ ಹಾಕಿದರೆ ಹಬ್ಬದ ಹೊತ್ತಿಗೆ ಚಪ್ಪರದಲ್ಲಿ ಕಾಯಿ ಇರುತ್ತದೆ. ಮೊರದಲ್ಲಿ ನಾಲ್ಕು ಇಟ್ಟು ತಗೊಂಡು ಬಾ. ಸೀರೆ ಗೀರೆ ಬೇಡ. ಹೆಂಚಿನವರು ಯಾವ ದಿನ ಬರುತ್ತಾರೆ ಅನ್ನುವುದನ್ನು ಮಾತ್ರ ಈ ವಾರವೇ ಗೊತ್ತುಮಾಡಿ ನನಗೆ ತಿಳಿಸು.

ಇಂತಿ ನಿನ್ನ,
ಅತ್ತೆ