ಸೌದೆ ಕೊಯ್ಯಲು ಯಂತ್ರ ಗರಗಸ: ಬಾರ್ ಮತ್ತು ಚೈನ್‌ಗಳ ಆಯ್ಕೆ

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟ ಹಾಗೂ ಸುತ್ತಲಿನ ಗ್ರಾಮಗಳ ಅಡಿಕೆ ಬೆಳೆಗಾರರಿಗೆ ಸೌದೆ ಬೇಕಾಗುವುದು ಅಡುಗೆ ಮನೆಗಷ್ಟೇ ಅಲ್ಲ. ಹಸಿ ಅಡಿಕೆ ಸುಲಿದು ಬೇಯಿಸುವ ಕಾಲದಲ್ಲಿ ಹಂಡೆಯ ಕೆಳಗೆ ದಿನಗಟ್ಟಲೆ ಬೆಂಕಿ ಉರಿಯಬೇಕು. ಕೊಡಲಿ, ಕೈಗರಗಸ ಹಿಡಿಯುವ ಆಳುಗಳು ದೊರೆಯುವುದು ಕಷ್ಟವಾಗಿರುವುದರಿಂದ ಅನೇಕ ರೈತರು ಪೆಟ್ರೋಲ್ ಗರಗಸ, ಅಂದರೆ ಚೈನ್ ಸಾ, ಕೊಳ್ಳುತ್ತಿದ್ದಾರೆ. ಕೊಳ್ಳುವಾಗ "ಬಾರ್ ಉದ್ದವಿದ್ದಷ್ಟೂ ಒಳ್ಳೆಯದು" ಎಂಬ ಭಾವನೆ ಸಾಮಾನ್ಯ. ಇದು ಸರಿಯಲ್ಲ. ಮೊದಲು ಮರದ ದಪ್ಪ, ಅದಕ್ಕೆ ತಕ್ಕ ಬಾರ್, ಬಾರಿಗೆ ತಕ್ಕ ಎಂಜಿನ್, ಕೊನೆಗೆ ಇವೆರಡಕ್ಕೂ ಹೊಂದುವ ಚೈನ್ ಎಂಬ ಕ್ರಮದಲ್ಲಿ ಆಯ್ಕೆ ಮಾಡಬೇಕು.

ಮರದ ದಪ್ಪ ಮತ್ತು ಬಾರಿನ ಉದ್ದ

ಮರದ ಸುತ್ತಳತೆಯನ್ನು ಹಗ್ಗದಿಂದ ಅಳೆದು ಮೂರರಿಂದ ಭಾಗಿಸಿದರೆ ಅದರ ದಪ್ಪ ಸುಮಾರಾಗಿ ತಿಳಿಯುತ್ತದೆ. ಸುತ್ತಳತೆ 30 ಅಂಗುಲವಿದ್ದರೆ ದಪ್ಪ ಸುಮಾರು 10 ಅಂಗುಲ. ನೀವು ಹೆಚ್ಚಾಗಿ ಕೊಯ್ಯುವ ಮರದ ದಪ್ಪಕ್ಕಿಂತ ಎರಡು ಅಂಗುಲವಾದರೂ ಉದ್ದವಿರುವ ಬಾರ್ ಸಾಕು. ಬದುವಿನ ಅಕೇಶಿಯಾ, ನೀಲಗಿರಿ, ಸರ್ವೆ ಮರಗಳು ಒಂದು ಗೇಣಿನಿಂದ ಒಂದು ಅಡಿ ದಪ್ಪವಿದ್ದರೆ 14 ಅಥವಾ 16 ಅಂಗುಲದ ಬಾರ್ ಯೋಗ್ಯ. ಅಪರೂಪಕ್ಕೆ ಬರುವ ದಪ್ಪ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ಯಬಹುದು. ಅದೊಂದಕ್ಕಾಗಿ ವರ್ಷವಿಡೀ ಉದ್ದ ಬಾರ್ ಹೊರುವ ಅಗತ್ಯವಿಲ್ಲ.

ಎಂಜಿನ್

ಬಾರ್ ಉದ್ದವಾಗಿ, ಅದು ಪೂರ್ಣವಾಗಿ ಮರದೊಳಗೆ ಇಳಿದಾಗ ಏಕಕಾಲಕ್ಕೆ ಮರ ಕಚ್ಚುವ ಹಲ್ಲುಗಳ ಸಂಖ್ಯೆ ಹೆಚ್ಚುತ್ತದೆ. ಚೈನಿನ ಘರ್ಷಣೆಯೂ ಹೆಚ್ಚುತ್ತದೆ. ಎಂಜಿನ್ ಚಿಕ್ಕದಾದರೆ ವೇಗ ಕುಗ್ಗಿ, ಕ್ಲಚ್ ಜಾರಿ ಬಿಸಿಯಾಗುತ್ತದೆ. ಮನೆಯ ಸೌದೆಗೆ 35ರಿಂದ 45 ಸಿ.ಸಿ. ಯಂತ್ರಕ್ಕೆ 14 ಅಥವಾ 16 ಅಂಗುಲದ ಬಾರ್ ಹೊಂದುತ್ತದೆ. ಅಡಿಕೆ ಬೇಯಿಸಲು ಹೆಚ್ಚು ಸೌದೆ ಮಾಡುವವರು 45ರಿಂದ 55 ಸಿ.ಸಿ. ಯಂತ್ರಕ್ಕೆ 16 ಅಥವಾ 18 ಅಂಗುಲದ ಬಾರ್ ಬಳಸಬಹುದು. ಸಿ.ಸಿ. ಸಂಖ್ಯೆಯೊಂದನ್ನೇ ನಂಬದೆ ಯಂತ್ರದ ಶಕ್ತಿ ಎಷ್ಟು ಕಿಲೋವ್ಯಾಟ್, ತೂಕ ಎಷ್ಟು, ಬಿಡಿಭಾಗಗಳು ಶಿವಮೊಗ್ಗ ಅಥವಾ ಭದ್ರಾವತಿಯಲ್ಲೇ ದೊರೆಯುತ್ತವೆಯೇ ಎಂದು ಕೇಳಿ ತಿಳಿಯಿರಿ. ಅಂಗಡಿಯಲ್ಲಿ ಒಂದು ನಿಮಿಷ ಎತ್ತಿ ನೋಡಿದ ಯಂತ್ರವನ್ನು ತೋಟದಲ್ಲಿ ಗಂಟೆಗಟ್ಟಲೆ ಹಿಡಿಯಬೇಕಾಗುತ್ತದೆ.

ಚೈನಿನ ಮೂರು ಅಳತೆಗಳು

ಹೊಸ ಚೈನ್ ತರುವಾಗ ಈ ಮೂರು ಅಂಶಗಳನ್ನು ಬರೆದುಕೊಂಡು ಹೋಗಬೇಕು.

1. ಪಿಚ್: ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕಿರುವ ಅಂತರದ ಅರ್ಧ. ಸಾಮಾನ್ಯವಾಗಿ 0.325 ಅಥವಾ 3/8 ಅಂಗುಲ.
2. ಗೇಜ್: ಬಾರಿನ ಗಾಡಿಯಲ್ಲಿ ಓಡುವ ಕೊಂಡಿಯ ದಪ್ಪ. 1.1, 1.3, 1.5, 1.6 ಮಿ.ಮೀ. ಅಳತೆಗಳಿವೆ.
3. ಆ ಕೊಂಡಿಗಳ ಒಟ್ಟು ಸಂಖ್ಯೆ. ಇದನ್ನು ಎಣಿಸಿಯೇ ತಿಳಿಯಬೇಕು.

ಪಿಚ್ ಎಂಜಿನ್ನಿನ ಹಲ್ಲುಚಕ್ರಕ್ಕೂ ಬಾರಿನ ತುದಿಯ ಚಕ್ರಕ್ಕೂ ಹೊಂದಬೇಕು; ಗೇಜ್ ಬಾರಿನ ಗಾಡಿಗೆ ಹೊಂದಬೇಕು. ಗಾಡಿ ಅಗಲವಾಗಿ ಚೈನ್ ತೆಳುವಾದರೆ ಚೈನ್ ವಾಲಿ ಕೊಯ್ತ ಸೊಟ್ಟಗಾಗುತ್ತದೆ.

ಹಲ್ಲುಗಳಲ್ಲಿ ಚೂಪು ಮೂಲೆಯವು, ದುಂಡು ಮೂಲೆಯವು ಎಂದು ಎರಡು ಬಗೆ. ಚೂಪು ಮೂಲೆಯವು ಶುಚಿಯಾದ ಹಸಿಮರವನ್ನು ಬೇಗ ಕೊಯ್ಯುತ್ತವೆ. ಮಣ್ಣು ತಗುಲಿದರೆ ಬೇಗ ಮೊಂಡಾಗುತ್ತವೆ. ನೆಲದ ಮೇಲೆ ಬಿದ್ದ, ಒಣಗಿದ, ಮಣ್ಣು ಮೆತ್ತಿದ ಸೌದೆಗೆ ದುಂಡು ಮೂಲೆಯ ಸೆಮಿ ಚಿಸೆಲ್ ಚೈನ್ ಉತ್ತಮ.

ಹರಿತ, ಎಣ್ಣೆ ಮತ್ತು ಇಂಧನ

ದೊಡ್ಡ ಎಂಜಿನ್ನಿಗಿಂತ ಹರಿತವಾದ ಚೈನ್ ಹೆಚ್ಚು ಕೆಲಸ ಮಾಡುತ್ತದೆ. ಹರಿತವಿದ್ದಾಗ ದಪ್ಪ ಚಕ್ಕೆ ಹಾರುತ್ತದೆ. ಹಿಟ್ಟಿನಂಥ ಪುಡಿ ಬಿದ್ದರೆ ಚೈನ್ ಮೊಂಡಾಗಿದೆ ಎಂದರ್ಥ. 0.325 ಪಿಚ್‌ಗೆ 4.8 ಮಿ.ಮೀ. ದುಂಡು ಅರ, ಚಿಕ್ಕ ಯಂತ್ರಗಳ ಗಿಡ್ಡ ಹಲ್ಲಿನ 3/8 ಚೈನಿಗೆ 4 ಮಿ.ಮೀ. ಅರ ಬಳಸಿ, ಸುಮಾರು 30 ಡಿಗ್ರಿ ಓರೆಯಲ್ಲಿ ಪ್ರತಿ ಹಲ್ಲಿಗೂ ಸಮನಾಗಿ ಅರ ಹಾಕಬೇಕು. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಕೊಯ್ತ ಒಂದೆಡೆಗೆ ಎಳೆಯುತ್ತದೆ. ಚೈನ್ ಬದಲಿಸುವಾಗಲೆಲ್ಲ ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಬಾರಿಗೆ ಚೈನ್ ಎಣ್ಣೆಯನ್ನೇ ಹಾಕಿ. ಬಳಸಿ ಬಿಟ್ಟ ಎಂಜಿನ್ ಆಯಿಲ್‌ನಲ್ಲಿರುವ ಲೋಹದ ಪುಡಿ ಎಣ್ಣೆ ಪಂಪನ್ನು ಕೆಡಿಸುತ್ತದೆ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲನ್ನು ಯಂತ್ರದ ಕೈಪಿಡಿ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. 50:1 ಎಂದರೆ ಲೀಟರಿಗೆ 20 ಮಿ.ಲೀ.; 25:1 ಎಂದರೆ 40 ಮಿ.ಲೀ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರುವುದರಿಂದ ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಡಬಾರದು.

ಎಚ್ಚರಿಕೆ

0.325 ಪಿಚ್‌ನ ಚೈನ್, 7 ಹಲ್ಲಿನ ಚಕ್ರದ ಮೇಲೆ ನಿಮಿಷಕ್ಕೆ 9,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬಾರಿನ ತುದಿಯ ಮೇಲ್ಭಾಗ ಮತ್ತೊಂದು ಕೊಂಬೆಗೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಚಿಮ್ಮುತ್ತದೆ. ಆದ್ದರಿಂದ ಚೈನ್ ಬ್ರೇಕ್ ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಎರಡೂ ಕೈಗಳಿಂದ ಹಿಡಿಯಿರಿ. ಭುಜಕ್ಕಿಂತ ಮೇಲೆತ್ತಿ ಕೊಯ್ಯಬೇಡಿ. ಏಣಿಯ ಮೇಲೆ ನಿಂತು ಬಳಸಬೇಡಿ. ಹೆಲ್ಮೆಟ್, ಕನ್ನಡಕ, ಕಿವಿ ರಕ್ಷಕ, ಗಟ್ಟಿ ಬೂಟು, ಕಾಲಿನ ರಕ್ಷಣಾ ಉಡುಪುಗಳ ಖರ್ಚನ್ನು ಯಂತ್ರದ ಬೆಲೆಯೊಂದಿಗೇ ಲೆಕ್ಕ ಹಾಕಿ. ಒಬ್ಬರೇ ಇರುವಾಗ ಕೆಲಸ ಮಾಡಬೇಡಿ. ಬಾಡಿಗೆಗೆ ಬಂದು ಕೊಯ್ಯುವವರಿಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ತೋಟದಲ್ಲಿ ಅವರ ಕಾಲು ಹೋದರೆ ಒಂದು ಸಂಸಾರದ ದುಡಿಮೆಯೇ ನಿಲ್ಲುತ್ತದೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಸೌದೆ ಕೊಯ್ಯುವ ಕಾಲವೂ ಮುಖ್ಯ. ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಕುದಿಯುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ವ್ಯರ್ಥವಾಗುತ್ತದೆ. ಜನವರಿ, ಫೆಬ್ರವರಿಯಲ್ಲೇ ಒಲೆಯ ಅಳತೆಗೆ ಕೊಯ್ದು, ಸೀಳಿ, ಬೇಸಿಗೆಯಲ್ಲಿ ಒಣಗಿಸಿ, ಮಳೆಗೆ ಮೊದಲು ಸೂರಿನಡಿ ಒಟ್ಟಿದರೆ ಕಡಿಮೆ ಸೌದೆಯಲ್ಲಿ ಹೆಚ್ಚು ಅಡಿಕೆ ಬೇಯುತ್ತದೆ; ಕಡಿಯಬೇಕಾದ ಮರಗಳ ಸಂಖ್ಯೆಯೂ ತಗ್ಗುತ್ತದೆ.